ದೊಡ್ಡವರ ಕಿವಿಗೆ ಬಿದ್ದದ್ದು

ಯೂನಿಸ್ ಪ್ರವಾಸಿ ಹಡಗಿನ ಹಗ್ಗದ ಏಣಿ ಹತ್ತುವಾಗ ಒಮ್ಮೆಯೂ ಹಿಂದಕ್ಕೆ ತಿರುಗಿ ನೋಡಲಿಲ್ಲ. ಕೆಳಗೆ ತೂಗಾಡುವ ದೋಣಿಯಲ್ಲಿ ನಿಂತು ವಿಲ್ಬರ್ ಅವಳ ಬೂಟಿನ ಹಿಮ್ಮಡಿಗಳನ್ನೇ ನೋಡುತ್ತಿದ್ದ. ಆ ಹಿಮ್ಮಡಿಗಳಲ್ಲೂ ಸಿಟ್ಟಿತ್ತು. ಇಷ್ಟು ವರ್ಷ, ಪ್ರತಿ ಬೇಸಿಗೆಯಲ್ಲೂ, ಪ್ರತಿ ಹಡಗಿಗೂ, ಏಣಿಯ ಅರ್ಧಕ್ಕೆ ಬಂದಾಗ ಅವಳು ನಿಂತು, ಭುಜದ ಮೇಲಿಂದ ಕೆಳಗೆ ನೋಡಿ, "ಏ ಕಾಗೆ, ಹಾರಿ ಬರ್ತೀಯೋ ಹತ್ತಿ ಬರ್ತೀಯೋ?" ಎಂದು ಕೇಳುವುದಿತ್ತು. ಅವನು ಕಾಗೆಯ ಕಡೆಯವನು, ಅವಳು ಹದ್ದಿನ ಕಡೆಯವಳು. ಅವರ ಊರಿನ ಟ್ಲಿಂಗಿಟ್ ಜನ ಹುಟ್ಟುವುದೇ ಈ ಎರಡರಲ್ಲೊಂದು ಕಡೆಗೆ, ಮದುವೆಯಾಗುವುದು ಎದುರು ಕಡೆಯವರನ್ನು. ಹಾಗಾಗಿ ಗಂಡ ಹೆಂಡತಿಗೆ ಒಬ್ಬರನ್ನೊಬ್ಬರು ಗೇಲಿ ಮಾಡುವುದಕ್ಕೆ ವಿಷಯ ಹುಡುಕಿಕೊಂಡು ಹೋಗಬೇಕಾಗಿರಲಿಲ್ಲ. ಇವತ್ತು ಅವಳು ಕೇಳಲಿಲ್ಲ. ಕೇಳದೇ ಇದ್ದುದರಿಂದ ಅವನು ಹಾರಲೂ ಆಗದೆ ಹತ್ತಲೂ ಆಗದೆ ನಡುವೆ ಕಾಲು ಜಾರಿ, ಎರಡೂ ಕೈಯಲ್ಲಿ ಹಗ್ಗ ಹಿಡಿದು, ಒಣಹಾಕಿದ ಬಟ್ಟೆಯ ಹಾಗೆ ಒಂದು ಕ್ಷಣ ತೂಗಾಡಿದ. ಮೇಲೆ ಕಟಕಟೆಗೆ ಒರಗಿ ನಿಂತಿದ್ದ ಪ್ರವಾಸಿಗರು ಚಪ್ಪಾಳೆ ತಟ್ಟಿದರು. ಇದೂ ಕಾರ್ಯಕ್ರಮದ ಒಂದು ಭಾಗವೆಂದು ತಿಳಿದಿರಬೇಕು ಪಾಪ. ವಿಲ್ಬರ್ ಹೇಗೋ ಮೇಲೆ ಬಂದು, ಸಾಧ್ಯವಾದಷ್ಟು ಗಂಭೀರವಾಗಿ ಟೋಪಿ ಸರಿಮಾಡಿಕೊಂಡ.

ದೊಡ್ಡವರು ಮರೆತಿಲ್ಲ, ಅನ್ನಿಸಿತು ಅವನಿಗೆ. ಕಾಲು ಜಾರಿಸಿದ್ದು ಅವರೇ. ಬೆಳಿಗ್ಗೆ ಕಾಫಿ ಉಕ್ಕಿ ಒಲೆಯ ಮೇಲೆ ಚೆಲ್ಲಿದ್ದು, ಮೊನ್ನೆ ಬಲೆ ಬಂಡೆಗೆ ಸಿಕ್ಕಿ ಹರಿದದ್ದು, ಹೊಸ ಕಾಲುಚೀಲದಲ್ಲಿ ಹೆಬ್ಬೆರಳು ಹೊರಗೆ ಬಂದದ್ದು, ಎಲ್ಲದರ ಹಿಂದೆಯೂ ಒಂದು ದಪ್ಪನೆಯ ಕಂದು ಬೆನ್ನು ಕೂತಿರುವಂತೆ ಕಾಣುತ್ತಿತ್ತು. ಕರಡಿಯನ್ನು ಹೆಸರು ಹಿಡಿದು ಕರೆಯಬಾರದು, ಅದರ ನಡಿಗೆ ನೋಡಿ ನಗಬಾರದು, ಬೈಯುವುದಂತೂ ಕೂಡಲೇ ಕೂಡದು. ಬೆಟ್ಟದಾಚೆ ಮಲಗಿದ್ದರೂ ಅದಕ್ಕೆ ಕೇಳಿಸುತ್ತದೆ ಎಂದು ಅವನ ಅಮ್ಮ ಅವನಿಗೆ ಸರಿಯಾಗಿ ಮಾತು ಬರುವ ಮೊದಲೇ ಕಲಿಸಿದ್ದಳು. 'ದೊಡ್ಡವರು' ಅನ್ನಬೇಕು. ಕಾಡುಹಣ್ಣು ಕೀಳಲು ಹೋದಾಗ ಅಮ್ಮ ಬಕೆಟ್ಟನ್ನು ಕೆಳಗಿಟ್ಟು, ಪೊದೆಗಳ ಕಡೆ ತಿರುಗಿ, ಪಕ್ಕದ ಮನೆಯವರ ಹತ್ತಿರ ಸಕ್ಕರೆ ಕೇಳುವ ದನಿಯಲ್ಲಿ, "ದೊಡ್ಡವರೇ, ನಾವು ಬಡವರು, ನಿಮಗೆ ಬೇಕಾದಷ್ಟು ತಿಂದು ನಮಗೂ ಒಂದಿಷ್ಟು ಬಿಡಿ" ಎನ್ನುತ್ತಿದ್ದಳು. ಪೊದೆ ಅಲುಗಾಡುತ್ತಿತ್ತು. ಅದು ಗಾಳಿಯೋ ಇನ್ನೊಂದೋ ಎಂದು ಕೇಳುವ ಧೈರ್ಯ ಅವನಿಗೆ ಇರಲಿಲ್ಲ. ಅಂಥ ತಾಯಿಯ ಮಗ, ಈಗ ತಲೆ ನರೆತವನು, ಅವತ್ತು ಮೀನು ಹೊಗೆಗಿಡುವ ತನ್ನ ಹೊಗೆಮನೆಯ ಎದುರು ನಿಂತು ಬಾಯಿಗೆ ಬಂದಂತೆ ಬೈದಿದ್ದ. ಈ ಬೇಸಿಗೆಯ ಮೊದಲ ಕೆಂಪು ಸಾಲ್ಮನ್ ಮೀನು. ತಾನೇ ಸೀಳಿ, ಉಪ್ಪುನೀರಿಗೆ ಹಾಕಿ, ಆಲ್ಡರ್ ಸೌದೆಯ ಹೊಗೆಗೆ ತೂಗುಹಾಕಿದ್ದು. "ಉಪ್ಪು ಸಾಲದು" ಎಂದಿದ್ದಳು ಯೂನಿಸ್, ನೀರಿಗೆ ಬೆರಳದ್ದಿ ನೆಕ್ಕಿ. "ನನಗೆ ಗೊತ್ತು ಬಿಡು" ಎಂದಿದ್ದ. ಸೌದೆ ತರಲು ಹೋದವನು ದಾರಿಯಲ್ಲಿ ಯಾರೋ ಸಿಕ್ಕರೆಂದು ಹರಟೆಗೆ ನಿಂತ. ಬಾಗಿಲಿಗೆ ಚಿಲಕ ಹಾಕಿರಲಿಲ್ಲ. ದೊಡ್ಡವರು ತೆರೆದ ಬಾಗಿಲಿಂದ ಒಳಗೆ ಹೋದರು. ಗಾಳಿಗೆ ಬಾಗಿಲು ಹಿಂದೆ ಮುಚ್ಚಿಕೊಂಡಿತು. ಊಟ ಮುಗಿಸಿ ಹೊರಗೆ ಬರುವಾಗ ಅವರು ಅದನ್ನು ತೆರೆಯುವ ಗೋಜಿಗೆ ಹೋಗಲಿಲ್ಲ, ಬಾಗಿಲ ಸಮೇತ ಬಂದರು. ವಿಲ್ಬರ್ ಬಂದು ನೋಡಿದಾಗ ಕೋಲಿನ ಮೇಲೆ ಬೆನ್ನಿನ ತುಂಡುಗಳು ಮಾತ್ರ ಉಳಿದಿದ್ದವು. ಕೊಬ್ಬಿರುವ ಹೊಟ್ಟೆಯ ತುಂಡು ಒಂದೂ ಇರಲಿಲ್ಲ.

"ಕದ್ದು ತಿನ್ನೋ ಹೊಟ್ಟೆಬಾಕ!" ಎಂದು ಕೂಗಿದ್ದ. ಅಲ್ಲಿಗೇ ನಿಂತಿದ್ದರೆ ಹೇಗೋ ಆಗುತ್ತಿತ್ತು. "ಇವರ ಕುಲವೇ ಇಷ್ಟು!"

ಆ ಕುಲ ಯೂನಿಸಳದು. ಹದ್ದಿನ ಕಡೆಯಲ್ಲಿ ಅವಳ ಕುಲದವರು ಕರಡಿಯನ್ನು ಕುಲದ ಗುರುತಾಗಿ ಹೊದೆಯುವವರು. ಅವಳ ಅಜ್ಜಿಯ ಅಜ್ಜಿಯಿಂದ ಬಂದ ಕಂಬಳಿಯ ಮೇಲೆ ಚಿಪ್ಪಿನ ಗುಂಡಿಗಳಲ್ಲಿ ದೊಡ್ಡವರು ಕೈಚಾಚಿ ಕೂತಿದ್ದಾರೆ. ಔತಣದಲ್ಲಿ ಅದನ್ನು ಹೊದ್ದು ಅವಳು ನಿಂತರೆ ವಿಲ್ಬರನಿಗೆ ಮದುವೆಯ ದಿನದ ಹಾಗೆ ಇವತ್ತಿಗೂ ಸ್ವಲ್ಪ ಹೆದರಿಕೆಯಾಗುತ್ತದೆ. ಲೆಕ್ಕ ಹಾಕಿದರೆ ಕರಡಿ ಅವನಿಗೆ ಹೆಂಡತಿಯ ಅಣ್ಣನಾಗಬೇಕು. ಆ ಮಾತು ಕೇಳಿಸಿಕೊಂಡವರು ಮೂವರು: ಪೊದೆಯಲ್ಲಿ ಇನ್ನೂ ಬಾಯಿ ಚಪ್ಪರಿಸುತ್ತಿದ್ದ ದೊಡ್ಡವರು, ಬಟ್ಟೆ ಒಣಹಾಕುತ್ತಿದ್ದ ಯೂನಿಸ್, ಮತ್ತು ಪಕ್ಕದ ಮನೆಯ ಮಾಡಿನ ಮೇಲೆ ತಗಡು ಬಡಿಯುತ್ತಿದ್ದ ಅವಳ ಅಣ್ಣ ಲೆಸ್ಟರ್.

"ಏನಂದೆ?" ಯೂನಿಸ್ ಕೇಳಿದ್ದಳು.

"ನಾನು ಅವರಿಗೆ ಅಂದದ್ದು."

"ಅವರು ಅಂದ್ರೆ ಯಾರು?"

ಮಾಡಿನ ಮೇಲೆ ಸುತ್ತಿಗೆಯ ಸದ್ದು ನಿಂತಿತ್ತು. "ನನಗೂ ಅದೇ ಗೊತ್ತಾಗ್ಲಿಲ್ಲ ಬಾವ" ಎಂದಿದ್ದ ಲೆಸ್ಟರ್ ಮೇಲಿಂದ. ಯೂನಿಸ್ ಬಟ್ಟೆಯ ಬುಟ್ಟಿಯನ್ನು ಅಲ್ಲೇ ಇಟ್ಟಳು. ಒಳಗೆ ಹೋಗಿ ತನ್ನ ಕೋಟು, ತನ್ನ ಕಾಫಿ ಲೋಟ ಮತ್ತು ಆ ಕಂಬಳಿ ತೆಗೆದುಕೊಂಡು ಅಣ್ಣನ ಮನೆಗೆ ನಡೆದಳು. ಬಟ್ಟೆ ಒದ್ದೆಯಾಗಿಯೇ ಬುಟ್ಟಿಯಲ್ಲಿ ಉಳಿಯಿತು, ಕೊನೆಗೆ ಅವನೇ ಒಣಹಾಕಿದ.

ಡೆಕ್ಕಿನ ಮೇಲೆ ರಾಷ್ಟ್ರೀಯ ಉದ್ಯಾನದ ರೇಂಜರ್ ಕ್ಯಾಸಿಡಿ ಇಬ್ಬರಿಗೂ ಮೈಕು ಕೊಟ್ಟು, "ಇವತ್ತು ಜನ ಜಾಸ್ತಿ, ಚೆನ್ನಾಗಿ ಮಾತಾಡಿ" ಎಂದಳು. ಕೊಲ್ಲಿಯೊಳಗೆ ಬರುವ ಹಡಗುಗಳಿಗೆ ಊರಿನಿಂದ ಇಬ್ಬರು ಹತ್ತುವುದು ವಾಡಿಕೆ; ಇಬ್ಬರೇ ಯಾಕೆಂದರೆ ಒಂದು ಕಡೆಯವರು ಮಾತಾಡಿದರೆ ಎದುರು ಕಡೆಯವರು ಉತ್ತರ ಕೊಡಬೇಕು. ಉತ್ತರವಿಲ್ಲದ ಮಾತು ಹೇಳಿದವನ ಬಾಯಲ್ಲೇ ಕೊಳೆಯುತ್ತದೆ ಎಂದು ಅವರ ನಂಬಿಕೆ. ಹಾಗಾಗಿ ಯೂನಿಸ್ ಗಂಡನ ಜೊತೆ ಮಾತು ಬಿಟ್ಟ ದಿನದಿಂದ ಅವಳು ಅವನಿಗೆ ಉತ್ತರ ಕೊಡುತ್ತಿದ್ದುದು ಧ್ವನಿವರ್ಧಕದಲ್ಲಿ ಮಾತ್ರ, ಎರಡು ಸಾವಿರ ಜನರ ಎದುರಿಗೆ. ಮೈಕು ಆರಿದರೆ ಅವಳೂ ಆರುತ್ತಿದ್ದಳು. ವಿಲ್ಬರ್ ಇಂಥ ಹೆಂಡತಿಯನ್ನಾದರೂ ಹಡಗು ಬರುವ ದಿನಗಳಲ್ಲಿ ಕೇಳಿಸಿಕೊಳ್ಳಬಹುದೆಂದು ಕಾಯುವ ಸ್ಥಿತಿಗೆ ಬಂದಿದ್ದ. ಇನ್ನು ಅದೂ ಇಲ್ಲ. ಬೆಳಿಗ್ಗೆ ಊರಿನ ಧಕ್ಕೆಯಲ್ಲಿ ಲೆಸ್ಟರ್ ತನ್ನ ಗಾಡಿಯ ಕಿಟಕಿಯಿಂದ ತಲೆ ಹೊರಗೆ ಹಾಕಿ ಹೇಳಿದ್ದ: "ನಾಳೆ ದೋಣಿಗೆ ಅವಳು ಜೂನೋ ಪಟ್ಟಣಕ್ಕೆ ಹೋಗ್ತಿದ್ದಾಳೆ ಬಾವ, ನಮ್ಮ ಚಿಕ್ಕ ತಂಗಿ ಮನೆಗೆ. ಚಳಿಗಾಲ ಅಲ್ಲೇ ಅಂತೆ. ನಿನಗೆ ಹೇಳಿದ್ಲೋ ಇಲ್ವೋ." ಹೇಳಿರಲಿಲ್ಲ. ಈ ಹಡಗೇ ಕೊನೆ. ಸಂಜೆಯೊಳಗೆ ಅವಳ ಕಡೆಯಿಂದ ಒಂದು ಉತ್ತರ ಸಿಗದಿದ್ದರೆ ಆಮೇಲೆ ಚಳಿಗಾಲದುದ್ದಕ್ಕೂ ತಾನು, ಒಂದು ಲೋಟ, ಮುರಿದ ಬಾಗಿಲು.

ಅವನು ಸುಮ್ಮನೆ ಇದ್ದನೆಂದಲ್ಲ. ಒಂದು ಸಂಜೆ ಹಣ್ಣಿನ ಜಾಮಿನ ಸೀಸೆ ಹಿಡಿದು ಲೆಸ್ಟರನ ಬಾಗಿಲು ತಟ್ಟಿದ್ದ. ಲೆಸ್ಟರ್ ಬಾಗಿಲಿಗೆ ಅಡ್ಡವಾಗಿ ನಿಂತು ಎಡಕ್ಕೂ ಬಲಕ್ಕೂ ನೋಡಿ, "ಇಲ್ಲಿ ನಾವಿಬ್ರೇ ಇದ್ದೀವಲ್ಲ ಬಾವ. ಅವತ್ತು ಊರಿಗೆಲ್ಲ ಕೇಳೋ ಹಾಗೆ ಕೂಗಿದವನು ಈಗ ಕಿವೀಲಿ ಹೇಳೋಕೆ ಬಂದಿದ್ದೀಯಾ?" ಎಂದಿದ್ದ. ಜಾಮಿನ ಸೀಸೆ ಮಾತ್ರ ತೆಗೆದುಕೊಂಡಿದ್ದ. ಮುರಿದ ಬಾಗಿಲಿನ ವಿಷಯವೂ ಹಾಗೇ ತೂಗಾಡುತ್ತಿತ್ತು. ಕಾಗೆ ಕಡೆಯವರ ಮನೆ ಎದ್ದರೆ ಅದರ ಮರಗೆಲಸ ಹದ್ದಿನ ಕಡೆಯ ಬಾವಂದಿರು ಮಾಡಿಕೊಡಬೇಕು, ಮನೆಯವರು ಉಣ್ಣಿಸಬೇಕು, ಅದು ಹಿಂದಿನಿಂದ ಬಂದ ಮರ್ಯಾದೆ. ಮನೆಗೆ ಇರುವ ಈ ಮರ್ಯಾದೆಯನ್ನು ಹೊಗೆಮನೆಯ ಬಾಗಿಲಿಗೂ ಹಚ್ಚಿದ್ದು ವಿಲ್ಬರನ ಸ್ವಂತ ಜಾಣತನ. ಬಾವ ಬಂದು ಮಾಡಲಿ ಎಂದು ಅವನು ಬಾಗಿಲನ್ನು ಮುಟ್ಟದೆ ಕೂತಿದ್ದ. ಬೈಸಿಕೊಂಡ ಬಾವನೇ ಬಂದು ಬೈದವನ ಬಾಗಿಲು ರಿಪೇರಿ ಮಾಡಬೇಕೆಂದು ಕಾಯುವುದರಲ್ಲಿ ಎಂಥ ನ್ಯಾಯವಿದೆ ಎಂದು ಅವನ ಮನಸ್ಸು ಆಗಾಗ ಕೇಳುತ್ತಿತ್ತು.

ಹಡಗು ಹಕ್ಕಿಗಳ ದ್ವೀಪದ ಪಕ್ಕ ಬಂದಿತ್ತು. ವಿಲ್ಬರ್ ಮೈಕು ಹಿಡಿದು, ಎಡಗಡೆ ಬಂಡೆಯ ಮೇಲೆ ಕಾಣುವ ದಪ್ಪ ಕೊಕ್ಕಿನ ಹಕ್ಕಿಗಳು ಪಫಿನ್‌ಗಳು, ಗಂಡು ಹೆಣ್ಣು ಪ್ರತಿ ವರ್ಷವೂ ಬೇರೆಲ್ಲೂ ಹೋಗದೆ ಅದೇ ಜೊತೆಗೆ ಅದೇ ಗೂಡಿಗೆ ಮರಳಿ ಬರುತ್ತವೆ ಎಂದು ವಿವರಿಸಿದ. 'ಮರಳಿ' ಎನ್ನುವಾಗ ಸ್ವಲ್ಪ ಒತ್ತಿ ಹೇಳಿದ. ಅವನಿಗೆ ತನ್ನ ದನಿ ಚೆನ್ನಾಗಿ ಬಂದಿದೆ ಅನ್ನಿಸಿತು.

"ಹೌದು" ಎಂದಳು ಯೂನಿಸ್ ತನ್ನ ಮೈಕಿನಲ್ಲಿ. "ವಿಲ್ಬರ್ ಅವರು ಸರಿಯಾಗೇ ಹೇಳಿದ್ರು. ಇದಕ್ಕೆ ಕಾರಣ ಏನಂದ್ರೆ, ಗಂಡುಹಕ್ಕಿ ಮನೆಗೆ ಬರುವಾಗ ಯಾವಾಗ್ಲೂ ಬಾಯಿ ತುಂಬ ಮೀನು ಇಟ್ಕೊಂಡಿರುತ್ತೆ. ಹಾಗಾಗಿ ಅದಕ್ಕೆ ಮಾತಾಡೋಕೆ ಆಗೋದಿಲ್ಲ."

ಜನ ನಕ್ಕರು. ಕ್ಯಾಸಿಡಿಯೂ ನಕ್ಕಳು. ವಿಲ್ಬರ್ ಅವರು! ಮದುವೆಯಾದಾಗಿನಿಂದ ಅವಳ ಬಾಯಲ್ಲಿ ಅವನು ಕಾಗೆ. ಸಿಟ್ಟು ಬಂದರೆ ಹಾಳು ಕಾಗೆ. ಜ್ವರ ಬಂದು ಮಲಗಿದ್ದಾಗ ಬಡಕಾಗೆ. ಹೆಸರಿನಿಂದ, ಅದೂ ಬಹುವಚನದಲ್ಲಿ, ಅವಳು ಕರೆಯುತ್ತಿದ್ದುದು ತೆರಿಗೆ ಇಲಾಖೆಯವರನ್ನು. ಹಳದಿ ರೈನ್‌ಕೋಟಿನ ಒಬ್ಬ ಮುದುಕಿ ಅವರಿಬ್ಬರ ನಡುವೆ ಬಂದು, ಕೆನ್ನೆ ಅರಳಿಸಿಕೊಂಡು, "ನಿಮ್ಮಿಬ್ಬರಿಗೂ ಮದುವೆ ಆಗಿದೆಯಾ?" ಎಂದು ಕೇಳಿದಳು.

"ಆಗಿದೆ" ಎಂದ ವಿಲ್ಬರ್ ತಕ್ಷಣ.

"ಸಂಜೆ ಕೇಳಿ" ಎಂದಳು ಯೂನಿಸ್. ಮೈಕು ಇನ್ನೂ ಉರಿಯುತ್ತಿತ್ತು. ಎಲ್ಲ ಅಂತಸ್ತುಗಳಿಂದಲೂ ನಗು ಇಳಿದು ಬಂತು. ಮುದುಕಿ ಅವನ ತೋಳು ತಟ್ಟಿ, ತನ್ನ ಖಾಲಿ ಕಾಫಿ ಲೋಟವನ್ನು ಅವನ ಕೈಗೆ ಕೊಟ್ಟು ಹೋದಳು. ಅವನನ್ನು ಅವಳು ಏನೆಂದು ತಿಳಿದಳೋ, ಅವನಿಗೂ ತಾನು ಏನೆಂದು ಗೊತ್ತಿರಲಿಲ್ಲ. ಲೋಟ ಹಿಡಿದುಕೊಂಡೇ ಅವನು ಸೀಲ್‌ಗಳ ಬಗ್ಗೆ, ಕಡಲ ನೀರುನಾಯಿಗಳ ಬಗ್ಗೆ, ಬೆಟ್ಟದ ಮೇಕೆಗಳ ಬಗ್ಗೆ ಹೇಳಿದ. ಒಂದರ ಬಗ್ಗೆ ಮಾತ್ರ ಹೇಳಲಿಲ್ಲ. ಆ ಒಂದರ ಜಾಗದಲ್ಲಿ ಪ್ರತಿ ಸಲವೂ ಕೆಮ್ಮಿದ.

ಮಧ್ಯಾಹ್ನ ಹಡಗಿನವರು ಊಟಕ್ಕೆ ಕರೆದರು. ಉದ್ದನೆಯ ಮೇಜಿನ ಮೇಲೆ ಮಂಜುಗಡ್ಡೆಯಲ್ಲಿ ಕೆತ್ತಿದ ಹಂಸ, ಅದರ ಸುತ್ತ ತೆಳ್ಳಗೆ ಕತ್ತರಿಸಿದ ಸಾಲ್ಮನ್. ಬಾಯಿಗಿಟ್ಟರೆ ಹೊಗೆಯ ವಾಸನೆ ಸೀಸೆಯಿಂದ ಸುರಿದದ್ದು. ಎದುರು ಮೇಜಿನಲ್ಲಿ ಯೂನಿಸ್ ತನ್ನ ಚೀಲದಿಂದ ಕಾಗದದ ಪೊಟ್ಟಣ ತೆಗೆದು ಬಿಚ್ಚಿದಳು. ಲೆಸ್ಟರನ ಹೊಗೆಮನೆಯ ಮೀನು, ಹೊಟ್ಟೆಯ ತುಂಡು, ಎಣ್ಣೆ ಕಾಗದಕ್ಕೆ ಹತ್ತಿ ಹೊಳೆಯುತ್ತಿತ್ತು. ಕ್ಯಾಸಿಡಿಗೆ ಒಂದು ಕೊಟ್ಟಳು. ಬಟ್ಟಲು ಎತ್ತಲು ಬಂದ ಫಿಲಿಪೀನ್ಸಿನ ಹೆಂಗಸಿಗೆ ಒಂದು ಕೊಟ್ಟಳು. ವಿಲ್ಬರನ ಕಡೆ ನೋಡಿ, ಪೊಟ್ಟಣ ಮಡಿಸಿದಳು. ಹೊಟ್ಟೆಯ ತುಂಡು ಅಂದರೆ ಲೆಸ್ಟರ್. ಪ್ರತಿ ಭಾನುವಾರ ಅವರ ಮನೆಗೆ ಊಟಕ್ಕೆ ಬಂದು, "ಇದು ನಿನಗೆ ಅರಗಲ್ಲ ಬಾವ, ವಯಸ್ಸಾಯ್ತು" ಎನ್ನುತ್ತ ತಟ್ಟೆಗೆ ಕೈಹಾಕಿ ಹೊಟ್ಟೆಯ ತುಂಡನ್ನೇ ಎತ್ತಿಕೊಳ್ಳುವ ಲೆಸ್ಟರ್. ಒಳ್ಳೆಯ ದೋಣಿ ಇರುವ ಲೆಸ್ಟರ್, ಯಾವತ್ತೂ ಬಲೆ ಹರಿಯದ ಲೆಸ್ಟರ್, ಯೂನಿಸಳನ್ನು ನಗಿಸುವಾಗ ವಿಲ್ಬರನಿಗಿಂತ ಒಂದು ಮಾತು ಮುಂದಿರುವ ಲೆಸ್ಟರ್. ಕೋಲಿನ ಮೇಲೆ ಹೊಟ್ಟೆಯ ತುಂಡುಗಳಿಲ್ಲದ್ದನ್ನು ನೋಡಿದಾಗ ವಿಲ್ಬರನ ಬಾಯಿಗೆ ಬಂದ ಹೊಟ್ಟೆಬಾಕ ಯಾರು? ಮಂಜುಗಡ್ಡೆಯ ಹಂಸದ ಕೊಕ್ಕಿನಿಂದ ಒಂದು ಹನಿ ಮೀನಿನ ಮೇಲೆ ಬಿತ್ತು. ವರ್ಷಗಳಿಂದ ಬಾವನಿಗೆ ಹೇಳಬೇಕೆಂದಿದ್ದುದನ್ನು ತಾನು ಅವತ್ತು ಕರಡಿಗೆ ಹೇಳಿದ್ದ. ಕರಡಿ ಎದುರು ಮಾತಾಡುವುದಿಲ್ಲ, ಮರುದಿನ ಊಟಕ್ಕೆ ಬರುವುದಿಲ್ಲ ಎಂಬ ಧೈರ್ಯದಿಂದ. ಯೂನಿಸಳಿಗೆ ಇದು ಅವತ್ತೇ ಗೊತ್ತಾಗಿತ್ತು, 'ಅವರು ಅಂದ್ರೆ ಯಾರು' ಎಂದು ಸುಮ್ಮನೆ ಕೇಳಿರಲಿಲ್ಲ. ಅವನಿಗೆ ನಾಚಿಕೆಯಾಯಿತು. ಎರಡನೇ ತುಂಡು ಸಾಲ್ಮನ್ ತಿನ್ನಲಾಗಲಿಲ್ಲ.

ಹಿಮನದಿಯ ಎದುರು ಹಡಗು ಎಂಜಿನ್ ತಗ್ಗಿಸಿ ನಿಂತಾಗ ಗಾಳಿಯೇ ಬದಲಾಯಿತು. ಶೀತಪೆಟ್ಟಿಗೆಯ ಬಾಗಿಲು ತೆರೆದ ಹಾಗೆ ಮುಖಕ್ಕೆ ಹೊಡೆಯಿತು. ನೀಲಿ ಗೋಡೆ, ಅದರ ಬುಡದಲ್ಲಿ ತೇಲುವ ಗಡ್ಡೆಗಳು, ಗಡ್ಡೆಗಳ ಮೇಲೆ ಸೋಮಾರಿ ಸೀಲ್‌ಗಳು. ಇಲ್ಲಿ ಮೆಲ್ಲಗೆ ಮಾತಾಡಬೇಕು, ಗಡ್ಡೆಗೂ ಕಿವಿಯಿದೆ. ಹಿಂದೆ ಹಿಮ ಬಂದು ಅವರ ಹಳೆಯ ಊರನ್ನು ತೆಗೆದುಕೊಂಡ ಕಥೆಯನ್ನು ಈ ಇಬ್ಬರೂ ಹೇಳುವುದಿಲ್ಲ, ಅದು ಬೇರೆ ಕುಲದ ಸೊತ್ತು. ಕೇಳಿದವರಿಗೆ "ಅದರ ಯಜಮಾನರು ಊರಲ್ಲಿದ್ದಾರೆ" ಎಂದಷ್ಟೇ ಹೇಳುತ್ತಾರೆ. ವಿಲ್ಬರ್ ಮುಂಭಾಗದ ಡೆಕ್ಕಿನಲ್ಲಿ ಕಟಕಟೆ ಹಿಡಿದು ನಿಂತಿದ್ದ. ಒಂದು ಮೊಳ ದೂರದಲ್ಲಿ ಯೂನಿಸ್ ಕಂಬಳಿ ಹೊದ್ದು ನಿಂತಿದ್ದಳು. ಅವಳ ಬೆನ್ನ ಮೇಲಿನ ಗುಂಡಿಗಳ ದೊಡ್ಡವರು ಅವನನ್ನೇ ದಿಟ್ಟಿಸುತ್ತಿದ್ದರು. ಎಲ್ಲರಿಗೂ ಹಿಮನದಿ ಕಾಣಲೆಂದು ಹಡಗು ನಿಂತಲ್ಲೇ ಮೆಲ್ಲಗೆ ತಿರುಗತೊಡಗಿತು. ಹಿಮದ ಗೋಡೆ ಪಕ್ಕಕ್ಕೆ ಸರಿದು ಕಲ್ಲುದಂಡೆ ಎದುರಿಗೆ ಬಂತು.

"ಅಲ್ಲಿ! ದಂಡೆ ಮೇಲೆ, ಆ ಕಪ್ಪು ಬಂಡೆ ಪಕ್ಕ!" ಕ್ಯಾಸಿಡಿಯ ದನಿ ಏರಿತು. "ಕಂದು ಕರಡಿ! ವಿಲ್ಬರ್, ನಿಮ್ಮ ಸರದಿ. ಹೇಳಿ, ಹೇಳಿ."

ದೊಡ್ಡವರೇ. ನೀರಿಳಿದ ದಂಡೆಯಲ್ಲಿ ಒಂದೊಂದೇ ಕಲ್ಲನ್ನು ಮಗುಚಿ, ಅಡಿಯಲ್ಲಿದ್ದುದನ್ನು ನೆಕ್ಕಿ, ಮುಂದಿನ ಕಲ್ಲಿಗೆ ಹೋಗುತ್ತಿದ್ದರು. ಮನೆಯ ಕೀಲಿಕೈ ಎಲ್ಲೋ ಇಟ್ಟು ಮರೆತವರ ಹಾಗೆ. ಎರಡು ಸಾವಿರ ಜನ ಒಂದೇ ಸಲ ಉಸಿರು ಎಳೆದುಕೊಂಡರು. ವಿಲ್ಬರ್ ಮೈಕನ್ನು ಬಾಯಿಯ ಹತ್ತಿರ ತಂದ. ದೊಡ್ಡವರ ತೂಕ ಎಷ್ಟು, ಚಳಿಗಾಲದಲ್ಲಿ ಎಷ್ಟು ದಿನ ಮಲಗುತ್ತಾರೆ, ಮರಿಗಳು ಎಷ್ಟು, ಎಲ್ಲ ಅವನಿಗೆ ಬಾಯಿಪಾಠ. ಒಂದೂ ಬರಲಿಲ್ಲ. ಬಂದದ್ದು ಅಮ್ಮನ ದನಿ, ಸಕ್ಕರೆ ಕೇಳುವ ದನಿ, ಮತ್ತು ಅವಳ ಮಾತು, ಟ್ಲಿಂಗಿಟ್ ಮಾತು.

"ಬಾವ" ಎಂದ. ಅದು ಧ್ವನಿವರ್ಧಕದಿಂದ ಹೊರಟು, ದಂಡೆಗೆ ಬಡಿದು, ತಿರುಗಿ ಅವನ ಹತ್ತಿರವೇ ಬಂತು. ತನ್ನ ಅಮ್ಮ ಯಾವ ಕುಲ, ಅಪ್ಪ ಯಾವ ಕುಲ ಎಂದು ಪದ್ಧತಿಯಂತೆ ಹೇಳಿದ. "ನಾನು ಯೂನಿಸಳ ಗಂಡ." "ಅವತ್ತು ಬಾಗಿಲು ತೆಗೆದಿಟ್ಟವನು ನಾನೇ. ತೆಗೆದ ಬಾಗಿಲಿಂದ ನೆಂಟರು ಬಂದ್ರು, ಉಂಡ್ರು. ನೆಂಟರು ಉಂಡದ್ದನ್ನ ನಾನು ಕಳ್ಳತನ ಅಂದೆ. ಹೊಟ್ಟೆಬಾಕ ಅಂದೆ. ನಿಮಗೆ ಅಂದದ್ದೂ ಅಲ್ಲ ಅದು, ಇನ್ನೊಬ್ಬರಿಗೆ ಅನ್ನೋ ಧೈರ್ಯ ಇಲ್ದೆ ನಿಮಗೆ ಅಂದೆ. ಆಮೇಲೆ ನಿಮ್ಮ ಕುಲಾನೇ ಅಂದೆ. ಆ ಕುಲದವಳು ಕಾಸಿದ ಕಾಫಿ ಕುಡ್ಕೊಂಡು, ಆ ಕುಲದವಳು ಹೊಲಿದ ಅಂಗಿ ಹಾಕ್ಕೊಂಡು ಅಂದೆ. ಅವತ್ತು ಊರಿಗೆಲ್ಲ ಕೇಳಿಸ್ತು, ಅದಕ್ಕೆ ಇದನ್ನೂ ಎಲ್ರಿಗೂ ಕೇಳೋ ಹಾಗೆ ಹೇಳ್ತಿದ್ದೀನಿ. ತಪ್ಪಾಯ್ತು. ಮನೆ ಬಿಕೋ ಅಂತಿದೆ ಬಾವ. ಸ್ವಲ್ಪ ಅವಳಿಗೆ ಹೇಳಿ."

ದೊಡ್ಡವರು ಒಂದು ಕಲ್ಲನ್ನು ಅರ್ಧ ಎತ್ತಿ ಹಿಡಿದು ಹಡಗಿನ ಕಡೆ ನೋಡಿದರು. ಪ್ರವಾಸಿಗರಿಗೆ ಒಂದು ಅಕ್ಷರವೂ ತಿಳಿದಿರಲಿಲ್ಲ, ಆದರೆ ಇದು ಏನೋ ಪೂಜೆ ಇರಬೇಕೆಂದು ಕೆಲವರು ಟೋಪಿ ತೆಗೆದಿದ್ದರು. ಈಗ ಉತ್ತರ ಬರಬೇಕು. ಅವಳ ಮೈಕು ಅವಳ ಕೈಯಲ್ಲೇ ಇತ್ತು, ಕಂಬಳಿಯ ಅಂಚಿನ ಒಳಗೆ, ಕೆಳಮುಖವಾಗಿ. ಅವಳು ಅದನ್ನು ಎತ್ತಲಿಲ್ಲ. ವಿಲ್ಬರ್ ಅವಳ ಕಡೆ ನೋಡುವ ಹಾಗಿರಲಿಲ್ಲ, ನೋಡದೆ ಇರುವ ಹಾಗೂ ಇರಲಿಲ್ಲ. ಅವಳ ಬೂಟುಗಳನ್ನು ನೋಡಿದ. ಉತ್ತರ ಬರದಿದ್ದರೆ ಈ ಮಾತೆಲ್ಲ ತನ್ನ ಬಾಯಲ್ಲೇ ಉಳಿಯುತ್ತದೆ, ನಾಳೆ ದೋಣಿ ಹೊರಡುತ್ತದೆ. ಅಷ್ಟರಲ್ಲಿ ಹಿಂದುಗಡೆ ಗುಡುಗಿನಂಥ ಸದ್ದಾಯಿತು: ಹಿಮದ ಗೋಡೆಯಿಂದ ಮನೆಯಷ್ಟು ದೊಡ್ಡ ಹೋಳು ಕಳಚಿ ನೀರಿಗೆ ಬಿತ್ತು. ಎರಡು ಸಾವಿರ ಜನ ಹೋ ಎಂದು ಕೂಗುತ್ತ ಆ ಕಡೆಗೆ ಓಡಿದರು, ಕ್ಯಾಸಿಡಿಯೂ ಓಡಿದಳು. ಡೆಕ್ಕಿನ ಮುಂಭಾಗದಲ್ಲಿ ಉಳಿದವರು ಇಬ್ಬರು, ದಂಡೆಯಲ್ಲಿ ಒಬ್ಬರು. ವಿಲ್ಬರನಿಗೆ ಇಷ್ಟು ಒಂಟಿತನ ಯಾವತ್ತೂ ಅನ್ನಿಸಿರಲಿಲ್ಲ.

ಅಲೆ ಬಂದು ಹಡಗನ್ನು ಮೆಲ್ಲಗೆ ಎತ್ತಿ ಇಳಿಸಿತು. ಯೂನಿಸ್ ಮೈಕು ಎತ್ತಿದಳು.

"ನಮ್ಮ ಕಡೆಯವರು ಕೇಳಿಸ್ಕೊಂಡ್ರು" ಎಂದಳು ಟ್ಲಿಂಗಿಟ್ ಮಾತಿನಲ್ಲೇ. ಆಮೇಲೆ ಬಹಳ ಹೊತ್ತು ದಂಡೆಯ ಕಡೆ ಕಿವಿಗೊಟ್ಟು, ಯಾರೋ ದೂರದಿಂದ ಹೇಳುವುದನ್ನು ಕೇಳಿಸಿಕೊಳ್ಳುವವಳ ಹಾಗೆ ತಲೆಯಾಡಿಸಿದಳು. "ದೊಡ್ಡವರು ಹೇಳ್ತಿದ್ದಾರೆ. ಊಟ ಪರವಾಗಿರ್ಲಿಲ್ಲ. ಆದ್ರೆ ಮೀನಿಗೆ ಉಪ್ಪು ಸಾಲದಾಗಿತ್ತು." ಮತ್ತೆ ಕಿವಿಗೊಟ್ಟಳು. "ಯಾರೋ ಮೊದಲೇ ಹೇಳಿದ್ರಂತೆ, ಕೇಳ್ಲಿಲ್ವಂತೆ. ಗುನಲ್ಚೀಶ್." ಧನ್ಯವಾದದ ಆ ಪದದೊಂದಿಗೆ ಉತ್ತರ ಮುಗಿಯಿತು. ದಂಡೆಯಲ್ಲಿ ದೊಡ್ಡವರು ಎತ್ತಿ ಹಿಡಿದಿದ್ದ ಕಲ್ಲನ್ನು ಬಿಟ್ಟು, ಬೆನ್ನು ತಿರುಗಿಸಿ, ಯಾವ ಅವಸರವೂ ಇಲ್ಲದೆ ಪೊದೆಯೊಳಗೆ ಹೋದರು. ಹೋಗುವಾಗ ಅವರ ಹಿಂಭಾಗ ಒಂದು ಕಡೆಯಿಂದ ಇನ್ನೊಂದು ಕಡೆಗೆ ತೂಗುತ್ತಿತ್ತು. ವಿಲ್ಬರ್ ನಗಲಿಲ್ಲ.

ಕ್ಯಾಸಿಡಿ ಓಡಿ ಬಂದು, "ಏನಂದ್ರಿ? ಜನಕ್ಕೆ ಅರ್ಥ ಹೇಳಿ" ಎಂದಳು. "ಮನೆ ವಿಷಯ" ಎಂದಳು ಯೂನಿಸ್. ಆಮೇಲೆ ಗಂಡನ ಕಡೆ ತಿರುಗದೆ, ಆದರೆ ಮೈಕನ್ನು ಬಾಯಿಂದ ದೂರ ಹಿಡಿದು, "ಏ ಕಾಗೆ, ನಿನ್ನ ಮೈಕು ಇನ್ನೂ ಉರೀತಿದೆ, ಆರ್ಸು. ಮೂಗು ಸೀಟೋದೆಲ್ಲ ಹಡಗಿಗೆ ಕೇಳಿಸ್ತಿದೆ" ಎಂದಳು.

ಸಂಜೆಯ ಬೆಳಕು ಇನ್ನೂ ಗಟ್ಟಿಯಾಗಿರುವಾಗಲೇ ದೋಣಿ ಅವರನ್ನು ಊರಿನ ಧಕ್ಕೆಗೆ ತಂದು ಬಿಟ್ಟಿತು. ದೋಣಿಯಲ್ಲಿ ಅವಳು ಪೊಟ್ಟಣ ಬಿಚ್ಚಿ, ಉಳಿದಿದ್ದ ಒಂದು ಹೊಟ್ಟೆಯ ತುಂಡನ್ನು ಎರಡು ಮಾಡಿ, ಚಿಕ್ಕದನ್ನು ಅವನ ಮೊಣಕಾಲಿನ ಮೇಲಿಟ್ಟಳು. ಕ್ಷಮೆಯೋ, ವಿದಾಯದ ತಿಂಡಿಯೋ ಗೊತ್ತಾಗದೆ ಅವನು ಅದನ್ನು ಬಹಳ ಹೊತ್ತು ಅಗಿದ. ಧಕ್ಕೆಯಲ್ಲಿ ಲೆಸ್ಟರ್ ಗಾಡಿಯ ಎಂಜಿನ್ ಆರಿಸದೆ ಕಾಯುತ್ತಿದ್ದ. ತಂಗಿಗೆ ಬಾಗಿಲು ತೆಗೆದ. ಅವಳು ಹತ್ತಲಿಲ್ಲ.

"ಸುತ್ತಿಗೆ ಇದೆಯಾ ಗಾಡೀಲಿ?"

"ಯಾಕೆ?"

"ಹೊಗೆಮನೆ ಬಾಗಿಲು."

ಲೆಸ್ಟರ್ ಬಾವನ ಕಡೆ ನೋಡಿದ. ಬಾವ ತನ್ನ ಬೂಟು ನೋಡಿಕೊಂಡ. "ಹೇಳಿದ್ನಾ?" ಎಂದು ಲೆಸ್ಟರ್ ತಂಗಿಯನ್ನು ಕೇಳಿದ.

"ಎರಡು ಸಾವಿರ ಜನದ ಎದುರು."

"ಮೈಕಲ್ಲಾ?"

"ಮೈಕಲ್ಲೇ. ಆಮೇಲೆ ಅತ್ತ. ಅದೂ ಮೈಕಲ್ಲೇ."

ಲೆಸ್ಟರ್ ಹಣೆ ಉಜ್ಜಿಕೊಂಡು, ತಾನಿಲ್ಲದಾಗ ಇಷ್ಟೆಲ್ಲ ಆಗಿಹೋಯಿತಲ್ಲ ಎಂಬ ಹೊಟ್ಟೆಕಿಚ್ಚಿನಲ್ಲಿ ಒಂದು ಉಸಿರು ಬಿಟ್ಟ. "ಸರಿ ನಡಿ. ನಮ್ಮೋರು ಮುರಿದದ್ದು ನಾವೇ ಸರಿಮಾಡ್ಬೇಕಲ್ಲ." ಮೂವರೂ ಒಂದೇ ಸೀಟಿನಲ್ಲಿ ಇರುಕಿಕೊಂಡು ಕೂತರು, ಯೂನಿಸ್ ನಡುವೆ. ಮನೆಯ ಹಿಂದೆ ಗಾಡಿ ನಿಲ್ಲಿಸಿ ಲೆಸ್ಟರ್ ಟಾರ್ಪಾಲು ಸರಿಸಿದಾಗ ವಿಲ್ಬರ್ ನೋಡಿದ: ಅಡಿಯಲ್ಲಿ ಹೊಸ ಹಲಗೆಗಳು, ಆ ಬಾಗಿಲಿನ ಅಳತೆಗೇ ಕತ್ತರಿಸಿ, ಅಂಚು ಉಜ್ಜಿ, ಕಟ್ಟಿಟ್ಟದ್ದು. ಕತ್ತರಿಸಿದ ಕಡೆ ಮರದ ಬಣ್ಣ ಆಗಲೇ ಮಾಸಿತ್ತು. ಎಷ್ಟು ದಿನದಿಂದ ಇದನ್ನು ಗಾಡಿಯಲ್ಲಿಟ್ಟುಕೊಂಡು ಅವನು ಊರೆಲ್ಲ ಓಡಾಡಿದ್ದನೋ, ಕರೆಯಲಿ ಎಂದು. ವಿಲ್ಬರ್ ಹಲಗೆಯ ಇನ್ನೊಂದು ತುದಿ ಹಿಡಿದುಕೊಳ್ಳಲು ಹೋದ. "ಮುಟ್ಟಬೇಡ, ನೀನು ಉಣ್ಣಿಸೋನು" ಎಂದು ಲೆಸ್ಟರ್ ಗದರಿದ. ಯೂನಿಸ್ ಅಡುಗೆಮನೆಗೆ ಹೋದಳು. ಚೀಲದಿಂದ ತೆಗೆದ ಅವಳ ಕಾಫಿ ಲೋಟ ಗೂಡಿನಲ್ಲಿ ಕುಳಿತ ಸದ್ದು ಹೊರಗೆ ಕೇಳಿಸಿತು.

ಬಾಗಿಲು ನಿಂತಿತು. ಲೆಸ್ಟರ್ ಬಾಯಲ್ಲಿ ಮೊಳೆ ಕಚ್ಚಿಕೊಂಡು, ಚಿಲಕವನ್ನು ಹಲಗೆಯ ಮೇಲೆ ಒಮ್ಮೆ ಮೇಲಕ್ಕೆ ಒಮ್ಮೆ ಕೆಳಕ್ಕೆ ಹಿಡಿದು ನೋಡಿದ.

"ಎಷ್ಟು ಎತ್ತರಕ್ಕೆ ಹಾಕ್ಲಿ ಬಾವ?"

ವಿಲ್ಬರ್ ಪೊದೆಗಳ ಕಡೆ ನೋಡಿದ. ಎಲೆಯೊಂದು ಅಲುಗಿತು, ಗಾಳಿಯೋ ಇನ್ನೊಂದೋ. ಅವನು ಎಲ್ಲರಿಗೂ ಕೇಳುವ ಹಾಗೆ ಹೇಳಿದ:

"ಬಾವಂದಿರಿಗೆ ಎಟುಕೋ ಹಾಗೆ ಹಾಕು."

ಯೂನಿಸ್ ಒಳಗಿಂದ ಉಪ್ಪಿನ ಡಬ್ಬಿ ತಂದು ಅವನ ಪಕ್ಕದಲ್ಲಿಟ್ಟಳು.